ಸ್ಟೇಷನ್ ಸ್ಟೂಲಿನ ನಾಲ್ಕನೆಯ ಕಾಲು

ರೈಲ್ವೆಗೆ ಹೊಸದಾಗಿ ಸೇರಿದ ಹುಡುಗರು ನನ್ನ ಮನೆಗೆ ಬಂದರೆ ಮೊದಲು ಅಪಘಾತದ ಕಥೆ ಕೇಳುತ್ತಾರೆ, ಆಮೇಲೆ ಬಡ್ತಿಯ ಕಥೆ. ನನ್ನ ಕೈಯಲ್ಲಿ ಅಪಘಾತ ಆಗಲಿಲ್ಲ. ಬಡ್ತಿ ಆಯಿತು, ಆದರೆ ಅದು ತಲೆ ನರೆತ ಹಾಗೆ ತಾನಾಗಿಯೇ ಆಗುವಂಥದ್ದು, ಅದರಲ್ಲಿ ಹೇಳುವುದೇನಿದೆ? ನಾನು ಹೇಳಬೇಕಾದದ್ದು ಒಂದು ಕಟ್ಟಿಗೆಯ ಸ್ಟೂಲಿನ ವಿಷಯ. ರೂಲ್‌ಬುಕ್ಕನ್ನು ಬಾಯಿಪಾಠ ಮಾಡಿ ಕೆಲಸಕ್ಕೆ ಬರುವವರು ಇದನ್ನು ಓದಲೇಬೇಕು. ನಾನೂ ಹಾಗೆಯೇ ಬಂದವನು.

ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿರಬೇಕು. ಗೋಕಾಕ ತಾಲೂಕಿನ ಒಂದು ಸ್ಟೇಷನ್ನಿಗೆ ನನ್ನನ್ನು ಅಸಿಸ್ಟೆಂಟ್ ಮಾಸ್ತರನಾಗಿ ಹಾಕಿದರು. ಚಿಕ್ಕ ಗೇಜಿನ ಲೈನು. ಹೆಂಚಿನ ಒಂದು ಕಟ್ಟಡ, ಒಂದು ಬೇವಿನ ಮರ, ಗಂಟೆ ಬಾರಿಸಲು ತೂಗುಹಾಕಿದ ಒಂದು ಹಳಿಯ ತುಂಡು. ಪ್ಲಾಟ್‌ಫಾರ್ಮ್ ಎಂದು ನಾವು ಕರೆಯುತ್ತಿದ್ದದ್ದು ಹಳಿಯ ಮಟ್ಟಕ್ಕೇ ಹಾಸಿದ ಮುರುಮಿನ ನೆಲ. ಈಗ ನೀವು ಗಾಡಿಯೊಳಗೆ ನಡೆದು ಹೋಗುತ್ತೀರಿ, ಆಗ ಹತ್ತಬೇಕಿತ್ತು. ಗಾಡಿಯ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಮೂಡಲಗಿಯಿಂದ ಚಕ್ಕಡಿಯಲ್ಲಿ ಬಂದ ಅಜ್ಜಿಯರು, ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದ ಬಸುರಿಯರು, ಹದಿನೆಂಟು ಮೊಳದ ಸೀರೆ ಉಟ್ಟ ಹೆಣ್ಣುಮಕ್ಕಳು ಆ ಮೆಟ್ಟಿಲನ್ನು ನೋಡಿಯೇ ಅರ್ಧ ಪ್ರಯಾಣ ಮುಗಿಸುತ್ತಿದ್ದರು. ಅವರಿಗಾಗಿ ಸ್ಟೇಷನ್ನಿನಲ್ಲಿ ಒಂದು ಸ್ಟೂಲು ಇತ್ತು.

ಆ ಸ್ಟೂಲನ್ನು ಹಿಡಿಯುವವನು ಪೋರ್ಟರ್ ಭೀಮಪ್ಪ. ಗಾಡಿ ನಿಂತ ಕೂಡಲೇ ಅವನು ಸ್ಟೂಲನ್ನು ಬಾಗಿಲ ಕೆಳಗೆ ಇಟ್ಟು, ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಅದರ ಕಾಲುಗಳನ್ನು ಹಿಡಿದುಕೊಳ್ಳುತ್ತಿದ್ದ. ಹತ್ತುವವರು ಹಲಗೆಯ ಮೇಲೆ ಕಾಲಿಟ್ಟು ಏರುತ್ತಿದ್ದರು. ಭೀಮಪ್ಪ ಊರ ಹೊರಗಿನ ದಲಿತ ಕೇರಿಯವನು. ಅಸ್ಪೃಶ್ಯತೆ ಕಾನೂನಿನಲ್ಲಿ ಹೋಗುತ್ತಿತ್ತು, ಪ್ಲಾಟ್‌ಫಾರ್ಮಿನಲ್ಲಿ ಹೋಗಿರಲಿಲ್ಲ. ಆದರೂ ಕಟ್ಟಿಗೆಗೆ ಮೈಲಿಗೆ ಇಲ್ಲ ಎಂಬ ಶಾಸ್ತ್ರವನ್ನು ಗಾಡಿ ಹಿಡಿಯುವ ಅವಸರದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು.

ಕೆಲಸ ಕಲಿಸಿದ ಶಾಲೆಯಲ್ಲಿ ನನಗೆ ಒಂದು ಮಾತು ಹೇಳಿದ್ದರು: ದಾಖಲೆಯಲ್ಲಿ ಇರುವುದು ಸ್ಟೇಷನ್ನಿನಲ್ಲಿ ಇರಬೇಕು, ಸ್ಟೇಷನ್ನಿನಲ್ಲಿ ಇರುವುದು ದಾಖಲೆಯಲ್ಲಿ ಇರಬೇಕು. ಬಂದ ಮೊದಲ ವಾರವೇ ಡೆಡ್ ಸ್ಟಾಕ್ ರಿಜಿಸ್ಟರ್, ಅಂದರೆ ಸ್ಟೇಷನ್ನಿನ ಸಾಮಾನುಗಳ ಪಟ್ಟಿ, ಹಿಡಿದು, ಕುರ್ಚಿ, ಲಾಟೀನು, ಕೆಂಪು ಬಕೀಟು ಎಂದು ಒಂದೊಂದನ್ನೂ ಮುಟ್ಟಿ ನೋಡತೊಡಗಿದೆ. ಹಿರಿಯ ಮಾಸ್ತರರು ಎಲೆಯಡಿಕೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

“ಯಾಕ್ರಿ ಸುಮ್ಮನ ತ್ರಾಸ ತಗೋತೀರಿ? ಬರದಿದ್ದೆಲ್ಲಾ ಐತಿ. ಹೆಚ್ಚಿಗಿ ಏನರೆ ಇದ್ರ ಕಣ್ಣು ಮುಚ್ಚರಿ.”

ನಾನು ಕಣ್ಣು ಮುಚ್ಚಲಿಲ್ಲ. ರಿಜಿಸ್ಟರಿನಲ್ಲಿ ಹೀಗಿತ್ತು: ಸ್ಟೂಲು, ಕಟ್ಟಿಗೆಯದು, ಒಂದು; ಅದರ ಕಾಲು, ಮೂರು. ನನ್ನ ಮುಂದೆ ನಿಂತ ಸ್ಟೂಲಿಗೆ ನಾಲ್ಕು ಕಾಲು. ಮೂರು ಸಾಗವಾನಿ, ನಾಲ್ಕನೆಯದು ಒರಟು ಜಾಲಿ ಕಟ್ಟಿಗೆ.

ಭೀಮಪ್ಪನನ್ನು ಕರೆಸಿದೆ.

“ಹಿಂದ ಒಂದು ಕಾಲು ಮುರದಿತ್ರಿ ಬಾಬುಸಾಹೇಬ್ರ. ಆವಾಗ ಇದ್ದ ಮಾಸ್ತರ್ರು ಭಾಳ ಖರೇದ ಮನಶ್ಯಾ. ಮೂರ ಐತಿ ಅಂತ ಬರದ್ರು. ನಾ ಆಮ್ಯಾಲ ಜಾಲಿ ಟೊಂಗಿ ಕೆತ್ತಿ ಕೂಡ್ಸೀನ್ರಿ.”

“ಯಾರ ಪರವಾನಗಿ ಮ್ಯಾಲ ಕೂಡ್ಸಿದಿ?”

ಅವನು ತಲೆ ಕೆರೆದುಕೊಂಡ. “ಜಾಲಿ ಗಿಡಾನ ಕೇಳ್ಲಿಲ್ರಿ.”

ನನಗೆ ಸಿಟ್ಟು ಬಂತು. ಕಡಿಮೆ ಇದ್ದರೆ ಎಷ್ಟು ತಪ್ಪೋ ಹೆಚ್ಚು ಇದ್ದರೂ ಅಷ್ಟೇ ತಪ್ಪು ಎಂದು ಪಾಠ ಹೇಳಿ, ಸುತ್ತಿಗೆ ತರಿಸಿ, ಬೆಣೆ ಹೊಡೆದು ನಾಲ್ಕನೆಯ ಕಾಲನ್ನು ತೆಗೆಸಿದೆ. ಚೌಕ ಹಲಗೆಗೆ ಮೂರು ಮೂಲೆಯಲ್ಲಿ ಮೂರು ಕಾಲು. ನಾಲ್ಕನೆಯ ಮೂಲೆ ಗಾಳಿಯಲ್ಲಿ. ಸ್ಟೂಲು ಈಗ ದಾಖಲೆಗೆ ಸರಿಯಾಗಿತ್ತು. ನಾನು ರಿಜಿಸ್ಟರಿನಲ್ಲಿ ಒಂದು ಟಿಕ್ ಹಾಕಿ, ಸಂಜೆ ನಾಲ್ಕು ಗಂಟೆಗೆ ತಂತಿಯಲ್ಲಿ ಬರುವ ಸಮಯಕ್ಕೆ ಗಡಿಯಾರ ಹೊಂದಿಸಿ, ಬಹಳ ಸಂತೋಷದಿಂದ ಚಹಾ ಕುಡಿದೆ.

ಮೂರನೆಯ ದಿನ ಮೂಡಲಗಿ ಕಡೆಯ ದೊಡ್ಡ ಮನೆತನದ ಮದುಮಗಳು ಬಂದಳು. ಹೆಸರು ಶಾಂತವ್ವ, ಬೆಳಗಾವಿಗೆ ಕೊಟ್ಟಿದ್ದರು. ಮೂರು ಚಕ್ಕಡಿ ಜನ, ಹಿತ್ತಾಳೆ ಹಂಡೆ, ಬುಟ್ಟಿಗಟ್ಟಲೆ ಬುತ್ತಿ. ಗಾಡಿ ನಿಂತಿತು. ಭೀಮಪ್ಪ ಸ್ಟೂಲು ಇಟ್ಟು ಕೂತ. ಹುಡುಗಿ ಬಲಗಾಲು ಇಟ್ಟಳು. ಇಟ್ಟದ್ದು ನಾನು ತೆಗೆಸಿದ ಮೂಲೆಯ ಮೇಲೆ.

ಸ್ಟೂಲು ವಾಲಿತು. ಹುಡುಗಿ ಗಾಡಿಗೂ ನೆಲಕ್ಕೂ ನಡುವಿನ ಸಂದಿಯ ಕಡೆಗೆ ಜೋಲಿ ಹೊಡೆದಳು. ಭೀಮಪ್ಪ ಸ್ಟೂಲು ಬಿಟ್ಟು ಎರಡೂ ಕೈಯಿಂದ ಅವಳ ತೋಳು ಹಿಡಿದುಕೊಂಡ.

ಎಲ್ಲರೂ ಒಟ್ಟಿಗೆ ಕೂಗಾಡಿದರು. ಹುಡುಗಿಯ ಕಾಕಾ ಬಡಿಗೆ ಎತ್ತಿಯೇ ಬಿಟ್ಟ.

“ಏ, ಮದುಮಗಳನ್ನ ಮುಟ್ಟತೀಯೇನಲೇ?”

ಶಾಂತವ್ವ ಇನ್ನೂ ಭೀಮಪ್ಪನ ಕೈ ಹಿಡಿದೇ ನಿಂತಿದ್ದಳು. ಹದಿನೇಳು ವಯಸ್ಸು ಇದ್ದೀತು. ಬಾಸಿಂಗ ಓರೆಯಾಗಿತ್ತು, ಧ್ವನಿ ಓರೆಯಾಗಿರಲಿಲ್ಲ.

“ಬಡಿಗಿ ಇಳಸು ಕಾಕಾ. ಗಾಲಿ ಕೆಳಗ ಹೋಗಿದ್ರ ಚಲೋ ಆಗತಿತ್ತೇನು? ಇಷ್ಟ ಮಂದಿ ನಿಂತಿದ್ರಿ, ನಿಮ್ಮ ಕೈಗೇನಾಗಿತ್ತು?”

ಕಾಕಾನ ಕೈಯಲ್ಲಿ ಬಡಿಗೆ ಇತ್ತು, ಅದಕ್ಕೇ ಪುರುಸೊತ್ತು ಇರಲಿಲ್ಲ. ಅವನು ಅದನ್ನು ಕೆಳಗಿಳಿಸಿದ. ಹುಡುಗಿ ಭೀಮಪ್ಪನ ಭುಜದ ಮೇಲೆ ಕೈ ಊರಿ ಗಾಡಿ ಹತ್ತಿದಳು. ನಾನು ಹಸಿರು ನಿಶಾನೆ ತೋರಿಸಿದೆ.

ಭೀಮಪ್ಪ ಯಾರ ಹತ್ತಿರವೂ ನನ್ನ ಹೆಸರು ಹೇಳಲಿಲ್ಲ. ಸಂಜೆ ನಾನೇ ಜಾಲಿಯ ಕಾಲನ್ನು ಹುಡುಕಿ ತಂದು ಅವನ ಮುಂದಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

“ಪರವಾನಗಿ ಐತೇನ್ರಿ?”

ಸುತ್ತಿಗೆಯನ್ನು ನಾನೇ ಹಿಡಿದೆ. ದಾಖಲೆಗೆ ವಿರುದ್ಧವಾಗಿ ನಾನು ಮಾಡಿದ ಮೊದಲ ಕೆಲಸ ಅದು.

ಇಲ್ಲಿಂದ ಮುಂದಿನದು ನನ್ನ ಕೈಮೀರಿ ನಡೆಯಿತು. ಶಾಂತವ್ವ ಮುಂದಿನ ವರ್ಷ ಚೊಚ್ಚಲ ಮಗನನ್ನು ಎತ್ತಿಕೊಂಡು ತವರಿಗೆ ಬಂದಾಗ ಗಾಡಿ ಇಳಿದವಳೇ ಆ ಸ್ಟೂಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಭೀಮಪ್ಪನಿಗೆ ಒಂದು ಧೋತರ ಕೊಟ್ಟಳು. ಗಾಲಿ ಕೆಳಗೆ ಹೋಗಬೇಕಾದವಳನ್ನು ಉಳಿಸಿದ ಮಣೆ ಎಂದು ಸುತ್ತಲ ಹಳ್ಳಿಗಳಲ್ಲಿ ಸುದ್ದಿ ಆಯಿತು. ಬೀಳಿಸಿದ್ದೂ ಅದೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಯಮಕನಮರಡಿಯಿಂದ, ಸಂಕೇಶ್ವರದಿಂದ ಬಂದ ದಿಬ್ಬಣದವರು “ಟೇಶನ್ ಮಣಿ ಎಲ್ಲೈತ್ರಿ?” ಎಂದು ಕೇಳತೊಡಗಿದರು. ನಮ್ಮ ಸ್ಟೇಷನ್ನಿನಿಂದ ಗಂಡನ ಮನೆಗೆ ಹೋಗುವ ಯಾವ ಹುಡುಗಿಯೂ ಅದರ ಮೇಲೆ ಬಲಗಾಲು ಇಡದೆ ಗಾಡಿ ಹತ್ತುವುದಿಲ್ಲ ಎಂಬ ಪದ್ಧತಿ ಬಿತ್ತು. ಕೆಲವರು ಹುಕ್ಕೇರಿಯಿಂದ ಬಸ್ಸಿನಲ್ಲಿ ನೇರ ಹೋಗಬಹುದಾದ ಊರಿಗೂ ಇಲ್ಲಿಗೆ ಬಂದು, ಒಂದು ಸ್ಟೇಷನ್ನಿನ ಟಿಕೇಟು ತೆಗೆಸಿ, ಮುಂದೆ ಇಳಿದು ಬಸ್ಸು ಹಿಡಿಯುತ್ತಿದ್ದರು.

ಟಿಕೇಟು ಎಂದಾಗ ನೆನಪಾಯಿತು. ಆಗಿನ ಪ್ರಯಾಣಿಕರು ಊರ ಹೆಸರು ಹೇಳುವುದು ಕಡಿಮೆ. ಒಬ್ಬ ಕುರುಬರ ಅಜ್ಜ ಕಿಟಕಿಯಲ್ಲಿ ಕೈ ಚಾಚಿ, “ಮಗಳ ಊರಿಗೆ ಒಂದು ಕೊಡ್ರಿ” ಎಂದ. ಯಾವ ಊರು ಎಂದೆ. “ಅಲ್ರಿ, ಹ್ವಾದ ಸಲ ನೀವ ಅಲ್ಲೇನ್ರಿ ಕೊಟ್ಟಾವ್ರು? ಇಷ್ಟ ಲಗೂ ಮರತ್ರಿ?” ಎಂದು ನನಗೇ ಜೋರು ಮಾಡಿದ. ಅವನ ಹಿಂದೆ ನಿಂತವರೂ ನನ್ನ ಮರೆವಿಗೆ ಮರುಗಿದರು. ಹೊಸಬರೇ, ಕಿಟಕಿಯ ಒಳಗೆ ಕೂತವನು ಜಾಣ ಎಂದು ತಿಳಿಯಬೇಡಿ.

ಭೀಮಪ್ಪನ ಮಗಳು ಸುಂದ್ರವ್ವ, ಆಗಿನ್ನೂ ಚಿಕ್ಕವಳು, ಅಪ್ಪನಿಗೆ ಬುತ್ತಿ ಕೊಡಲು ಬರುತ್ತಿದ್ದಳು. ಅಪ್ಪ ಕೆಳಗೆ ಕೂತು ಊರಿನ ಎಲ್ಲರ ಹೆಣ್ಣುಮಕ್ಕಳನ್ನು ಹತ್ತಿಸುವುದನ್ನು ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದಳು. ತಾಯಿ ತೀರಿಕೊಂಡಿದ್ದಳು. ಒಮ್ಮೆ ಅವಳು ಅಪ್ಪನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

“ಯಪ್ಪಾ, ನನ್ನ ಲಗ್ನದಾಗ ಹಿಡೀತಿಯಿಲ್ಲೋ?”

“ನಿನಗ ಹಿಡೀಲಾರದ ಮತ್ತ್ಯಾರಿಗೆ ಹಿಡೀಲವ್ವಾ.”

ಹತ್ತು ವರ್ಷ ಹೀಗೆ ಕಳೆಯಿತು. ಹಿರಿಯ ಮಾಸ್ತರರು ನಿವೃತ್ತರಾದರು, ಸ್ಟೇಷನ್ನು ನನ್ನ ವಶಕ್ಕೆ ಬಂತು. ಊರಿನವರು ಎತ್ತರದ ಪ್ಲಾಟ್‌ಫಾರ್ಮ್ ಬೇಕೆಂದು ಅರ್ಜಿ ಮೇಲೆ ಅರ್ಜಿ ಹಾಕಿದರು. ಅದರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಮೇಲೆ ಕಳಿಸುತ್ತಿದ್ದವನು ನಾನೇ. ಕೊನೆಗೆ ತಪಾಸಣೆಗೆ ಒಬ್ಬ ದೊಡ್ಡ ಅಧಿಕಾರಿ ಬಂದರು. ಉತ್ತರದ ಕಡೆಯವರು, ಹೊಳೆಯುವ ಬೂಟು. ಎಲ್ಲ ನೋಡಿ ಹೆಂಗಸರ ಕೋಣೆಗೆ ಬಂದರೆ ಮೂಲೆಯಲ್ಲಿ ಅರಿಶಿನ ಕುಂಕುಮ, ಬಾಡಿದ ಸೇವಂತಿಗೆ ಹೊತ್ತ ಸ್ಟೂಲು. ಅವರು ಎರಡು ಹೆಜ್ಜೆ ಹಿಂದೆ ಸರಿದು ಬೂಟು ಬಿಚ್ಚಲು ಬಗ್ಗಿದರು.

“ಇದು ಯಾವ ದೇವರು?” ಎಂದು ಹಿಂದಿಯಲ್ಲಿ ಕೇಳಿದರು.

“ಸರ್, ಡೆಡ್ ಸ್ಟಾಕು” ಎಂದೆ.

ಅವರು ಬೂಟಿನ ದಾರ ಮತ್ತೆ ಕಟ್ಟಿಕೊಂಡರು. ಮೋರೆ ಕೆಂಪಾಗಿತ್ತು. ತಪಾಸಣೆ ಪುಸ್ತಕದಲ್ಲಿ ಎರಡು ಸಾಲು ಬರೆದರು: ಪ್ಲಾಟ್‌ಫಾರ್ಮನ್ನು ಎತ್ತರಿಸಬೇಕು. ಎತ್ತರಿಸಿದ ಮೇಲೆ ಸ್ಟೂಲಿನ ಅಗತ್ಯವಿಲ್ಲವಾದ್ದರಿಂದ ಅದನ್ನು ಹುಬ್ಬಳ್ಳಿ ಕಡೆಯ ಉಗ್ರಾಣಕ್ಕೆ ವಾಪಸು ಕಳಿಸಬೇಕು.

ಊರೆಲ್ಲ ಹಿಗ್ಗಿತು. ಎರಡನೆಯ ಸಾಲನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕಲ್ಲು ಬಂತು, ಮುರುಮು ಬಂತು, ವಡ್ಡರು ಬಂದರು. ಹಳಿಯ ಪಕ್ಕದಲ್ಲಿ ಗೋಡೆ ಎದ್ದಿತು, ಮೇಲೆ ಪರಸಿ ಕಲ್ಲು ಹಾಸಿದರು, ಎರಡೂ ತುದಿಯಲ್ಲಿ ನೆಲಕ್ಕೆ ಇಳಿಜಾರು ಬಿಟ್ಟರು. ಅದು ಮುಗಿಯುವ ಹೊತ್ತಿಗೆ ಸುಂದ್ರವ್ವನ ಲಗ್ನ ಗೊತ್ತಾಯಿತು. ಹುಡುಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ. ಲಗ್ನಕ್ಕೆ ಇನ್ನೂ ಮೂರು ತಿಂಗಳಿತ್ತು. ಅದೇ ವಾರ ಉಗ್ರಾಣದಿಂದ ಕಾಗದ ಬಂತು: ಸ್ಟೂಲು ಕೂಡಲೇ ಕಳಿಸಿ.

ಭೀಮಪ್ಪ ಕಾಗದವನ್ನು ಓದಲಾರ, ಆದರೆ ನನ್ನ ಮೋರೆ ಓದಬಲ್ಲ.

“ಲಗ್ನ ಆಗೂತನಾ ಇಡಾಕ ಬರೂದಿಲ್ಲೇನ್ರಿ?”

“ಕೂಡ್ಲೇ ಅಂತ ಬರದಾರ, ಭೀಮಪ್ಪ. ಮತ್ತ ನೀವು ಕೇರಿಯವರೆಲ್ಲಾ ಈಗ ಬೌದ್ಧರಾಗೀರಿ. ಅರಿಶಿನ ಕುಂಕುಮ ಎಲ್ಲಾ ಬಿಟ್ಟೀರಿ. ಆ ಮಣಿ ಯಾಕ ಬೇಕು?”

“ದೇವರ ಪೂಜಿ ಬಿಟ್ಟೇವ್ರಿ, ಖರೆ” ಎಂದ ಅವನು. “ಅದು ದೇವರಲ್ರಿ ಬಾಬುಸಾಹೇಬ್ರ. ಅದು ನನ್ನ ದುಡಿಮಿ. ಎಲ್ಲಾರ ಮಕ್ಕಳು ನನ್ನ ದುಡಿಮಿ ಮ್ಯಾಲ ಕಾಲಿಟ್ಟು ಹ್ವಾದ್ರು. ನನ್ನ ಮಗಳು ಹೋಗೂದು ಬ್ಯಾಡೇನ್ರಿ?”

ಒಳಗೆ ಹೋಗಿ ಕಾಗದ ತೆಗೆದುಕೊಂಡೆ. ರೂಲು ಮುರಿಯುವುದು ನನಗೆ ಬರುವುದಿಲ್ಲ, ಇವತ್ತಿಗೂ ಬರುವುದಿಲ್ಲ. ರೂಲನ್ನು ಪೂರ್ತಿ ಪಾಲಿಸುವುದು ಬರುತ್ತದೆ. ಹೀಗೆ ಬರೆದೆ:

“ತಮ್ಮ ಆಜ್ಞೆಯಂತೆ ಸ್ಟೂಲನ್ನು ಕಳಿಸಲು ಸಿದ್ಧ. ಆದರೆ ದಾಖಲೆಯಲ್ಲಿ ಮೂರು ಕಾಲು ಇದ್ದು, ಪ್ರತ್ಯಕ್ಷದಲ್ಲಿ ನಾಲ್ಕು ಇವೆ. ಹೆಚ್ಚುವರಿ ಕಾಲನ್ನು ಕೂಡಿಸಿ ಕಳಿಸಬೇಕೇ, ಬೇರ್ಪಡಿಸಿ ಕಳಿಸಬೇಕೇ, ತಿಳಿಸಬೇಕಾಗಿ ವಿನಂತಿ.”

ಮೂರು ವಾರಕ್ಕೆ ಉತ್ತರ ಬಂತು: ಹೆಚ್ಚುವರಿ ಕಾಲು ಯಾವಾಗ, ಯಾರಿಂದ ಬಂತು?

“ಜಾಲಿ ಮರದಿಂದ” ಎಂದು ಬರೆದೆ. ಯಾವಾಗ ಎಂಬುದಕ್ಕೆ ದಾಖಲೆ ಇಲ್ಲ ಎಂದೂ ಬರೆದೆ.

ಇನ್ನು ಮೂರು ವಾರಕ್ಕೆ: ಆ ಮರ ರೈಲ್ವೆ ಸರಹದ್ದಿನ ಒಳಗಿನದೋ ಹೊರಗಿನದೋ?

ನಾನೂ ಭೀಮಪ್ಪನೂ ಸರಪಳಿ ಹಿಡಿದು ಅಳೆದೆವು. ಬೇರು ಹೊರಗೆ, ಟೊಂಗೆ ಒಳಗೆ. ನಕ್ಷೆ ಬರೆದು ಕಳಿಸಿದೆ. ಆ ನಕ್ಷೆಗೆ ಉತ್ತರ ಬರಲು ಒಂದು ತಿಂಗಳಾಯಿತು. ಹೊಸಬರಿಗೆ ಒಂದು ಮಾತು: ಇದು ನಗುವ ವಿಷಯವಲ್ಲ. ಹೆಚ್ಚುವರಿ ಸಾಮಾನು ಹತ್ತು ವರ್ಷ ಮುಚ್ಚಿಟ್ಟವನೆಂದು ನನ್ನ ಹೆಸರು ಮೂರು ಕಚೇರಿಯ ಕಡತದಲ್ಲಿ ಏರಿತ್ತು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದರು. ಮನೆಯಲ್ಲಿ ಹೆಂಡತಿ ಕೇಳಿದಳು, “ಒಂದು ಕಾಲಿನ ಸಲುವಾಗಿ?” ಎಂದು. ಹೌದು ಎಂದೆ.

ಕೊನೆಯ ಆಜ್ಞೆ ಖಡಕ್ಕಾಗಿ ಬಂತು: ಇನ್ನು ಪತ್ರ ವ್ಯವಹಾರ ಸಾಕು. ದಾಖಲೆಯ ಪ್ರಕಾರ ಮೂರು ಕಾಲಿನ ಸ್ಟೂಲನ್ನು, ತಾವೇ ಸೂಚಿಸಿದಂತೆ, ಬರುವ ಭಾನುವಾರದ ಪ್ಯಾಸೆಂಜರಿನ ಗಾರ್ಡನ ವಶಕ್ಕೆ ಕೊಡುವುದು.

ನಕ್ಷೆಯ ಜೊತೆಗಿನ ಕಾಗದದಲ್ಲಿ ಆ ಭಾನುವಾರ ಸೂಚಿಸಿದ್ದು ನಾನೇ. ಲಗ್ನವೂ ಭಾನುವಾರ ಮುಂಜಾನೆಯೇ.

ಆದರೆ ಇನ್ನೊಂದು ತೊಡಕು ಉಳಿದಿತ್ತು; ಅದು ಶನಿವಾರ ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗಲೇ ಹೊಳೆದದ್ದು. ಪ್ಲಾಟ್‌ಫಾರ್ಮ್ ಈಗ ಎತ್ತರ. ಅದರ ಮೇಲೆ ಸ್ಟೂಲು ಇಟ್ಟರೆ ಹುಡುಗಿ ಮೇಲೆ ಹತ್ತಿ, ಗಾಡಿಯೊಳಕ್ಕೆ ಕೆಳಗೆ ಇಳಿಯಬೇಕು. ಭೀಮಪ್ಪನೂ ಅದನ್ನು ನೋಡಿದ್ದ.

“ಗಂಡನ ಮನಿಗೆ ಇಳಕೋತ ಹೋಗಬಾರದ್ರಿ” ಎಂದಷ್ಟೇ ಹೇಳಿದ.

ನಾನು ಇಳಿಜಾರಿನ ತುದಿಯವರೆಗೆ ನಡೆದೆ. ಅದರಾಚೆ ಹಳೆಯ ಕಾಲದ ನೀರಿನ ಕಂಬ ನಿಂತಿತ್ತು, ಇಂಜಿನ್ನಿಗೆ ನೀರು ತುಂಬುವುದು. ಈಗ ಗಾಡಿಗಳು ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ನೀರು ಕುಡಿಯುತ್ತಿದ್ದರಿಂದ ಅದರ ಕೆಲಸ ಕಡಿಮೆ. ಇಂಜಿನ್ನು ಆ ಕಂಬಕ್ಕೆ ನಿಂತರೆ ಅದರ ಹಿಂದಿನ ಮೊದಲ ಡಬ್ಬಿ ಇಳಿಜಾರಿನ ಕೆಳಗೆ, ಹಳೆಯ ನೆಲದ ಮೇಲೆ ನಿಲ್ಲುತ್ತದೆ. ಹೆಜ್ಜೆ ಹಾಕಿ ಎರಡು ಸಲ ಅಳೆದೆ. ಮುಂದಿನ ಸಿಗ್ನಲ್ ಇನ್ನೂ ದೂರ ಇತ್ತು, ಇಂಜಿನ್ನು ಅದನ್ನು ದಾಟುವ ಭಯವಿರಲಿಲ್ಲ. ಡ್ರೈವರ್ ನೀರು ಕೇಳಿದರೆ ಇಲ್ಲ ಎನ್ನುವ ಅಧಿಕಾರ ಯಾವ ಸ್ಟೇಷನ್ ಮಾಸ್ತರನಿಗೂ ಇಲ್ಲ. ಅವನು ಕೇಳಬೇಕು, ಅಷ್ಟೆ.

ಭಾನುವಾರದ ಡ್ರೈವರ್ ಕಾಶೀಮ್‌ಸಾಬ. ಬಿಳಿ ಗಡ್ಡ, ಸೇವೆ ಮುಗಿಯಲು ಎರಡು ತಿಂಗಳು. ಶನಿವಾರ ಅವನು ಎದುರು ಗಾಡಿಯಲ್ಲಿ ಹೋಗುವಾಗ ಇಂಜಿನ್ನಿನ ಬಳಿ ಹೋಗಿ ನಿಂತೆ. ಏನು ಹೇಳಬೇಕೆಂದು ತಿಳಿಯದೆ ಹವೆಯ ವಿಷಯ ತೆಗೆದೆ.

“ನಾಳಿ ಭಾಳ ಬಿಸಲು ಇರ್ತದ ಅಂತೀನಿ, ಕಾಶೀಮ್‌ಸಾಬ.”

ಅವನು ನನ್ನನ್ನು ನೋಡಿದ. ಹಿಂದೆ ನಿಂತ ಭೀಮಪ್ಪನನ್ನು ನೋಡಿದ. ಲಗ್ನದ ಸುದ್ದಿ ಲೈನಿನ ತುಂಬ ಹರಡಿತ್ತು.

“ಹೌದ್ರಿ ಮಾಸ್ತರ” ಎಂದ. “ಹಿಂತಾ ಬಿಸಲಾಗ ನಮ್ಮ ಇಂಜಿನ್ನಿಗೆ ಇಲ್ಲಿ ಬಂದ ಕೂಡ್ಲೇ ನೀರಡಿಕಿ ಆಕ್ಕೈತಿ.”

ಭಾನುವಾರ ಸುಂದ್ರವ್ವ ಲಗ್ನ ಮುಗಿಸಿ, ಬೌದ್ಧರ ಲಗ್ನದ ಬಿಳಿ ಸೀರೆಯಲ್ಲೇ ಬಂದಳು. ಗಂಡಿನ ಕಡೆಯವರು, ಕೇರಿಯವರು ಎಲ್ಲ ಇದ್ದರು. ಅವಳು ಬಂದವಳೇ ಸ್ಟೂಲನ್ನು ನಲ್ಲಿಗೆ ಒಯ್ದು, ಹತ್ತು ವರ್ಷದ ಅರಿಶಿನ ಕುಂಕುಮವನ್ನು ಪೂರ್ತಿ ತೊಳೆದಳು. ಕೆಳಗಿನಿಂದ ಸಾಗವಾನಿಯ ಬಣ್ಣ ಹೊರಬಂತು. ಆ ಹೊತ್ತಿಗೆ ಒಂದು ಟಾಂಗಾ ಬಂದು ನಿಂತಿತು. ಇಳಿದವಳು ಶಾಂತವ್ವ, ತವರಿಗೆ ಬಂದಿದ್ದವಳು ಸುದ್ದಿ ಕೇಳಿ ಬಂದಿದ್ದಳು. ಜೊತೆಗೆ ಅದೇ ಕಾಕಾ. ಈಗ ಹಲ್ಲು ಹೋಗಿದ್ದವು, ಬಡಿಗೆ ಊರಲು ಮಾತ್ರ ಬಳಸುತ್ತಿದ್ದ. ಸ್ಟೂಲು ತೊಳೆದದ್ದನ್ನು ನೋಡಿ ಅವನು ಗೊಣಗಿದ.

“ಎಲ್ಲಾ ತೊಳದು ಬಿಟ್ಲಲ್ಲವಾ.”

“ಮಣಿ ತೊಳದಾಳ, ಕಾಕಾ. ಪುಣ್ಯಾ ಎಲ್ಲಿ ಹೋಗತೈತಿ?” ಎಂದಳು ಶಾಂತವ್ವ.

ಗಾಡಿ ಬಂತು. ಪ್ಲಾಟ್‌ಫಾರ್ಮ್ ದಾಟಿ, ಇಳಿಜಾರು ದಾಟಿ, ನೀರಿನ ಕಂಬಕ್ಕೆ ಸರಿಯಾಗಿ ನಿಂತಿತು. ಕಾಶೀಮ್‌ಸಾಬ ಕೆಳಗೆ ಬಗ್ಗಿ ಎಲ್ಲರಿಗೂ ಕೇಳುವಂತೆ ಕೂಗಿದ: “ಮಾಸ್ತರ, ನೀರು!” ನಾನು ಕೈಗಡಿಯಾರ ನೋಡಿ, ಡೈರಿಯಲ್ಲಿ “ಇಂಜಿನ್ನಿಗೆ ನೀರು” ಎಂದು ಬರೆದೆ. ಅದು ಸುಳ್ಳಲ್ಲ. ನೀರು ತುಂಬಿತು, ತುಂಬಿ ಹೊರಗೂ ಸುರಿಯಿತು.

ಮೊದಲ ಡಬ್ಬಿಯ ಬಾಗಿಲ ಕೆಳಗೆ ಭೀಮಪ್ಪ ಸ್ಟೂಲು ಇಟ್ಟು, ಅಭ್ಯಾಸದಂತೆ ಕುಕ್ಕರಗಾಲಲ್ಲಿ ಕೂರಲು ಹೋದ. ಸುಂದ್ರವ್ವ ತಡೆದಳು.

“ಯಪ್ಪಾ, ನೀ ಕೆಳಗ ಕೂತ್ರ ನಾ ಯಾರ ಕೈ ಹಿಡದು ಹತ್ತಲಿ?”

ಅವನು ನಿಂತ. ಸ್ಟೂಲು ಒಂದೇ ಉಳಿಯಿತು. ಎಲ್ಲರೂ ಒಬ್ಬರ ಮೋರೆ ಒಬ್ಬರು ನೋಡಿದರು. ನನ್ನ ಕೈಯಲ್ಲಿ ಎರಡು ನಿಶಾನೆ ಇದ್ದವು. ಅವನ್ನು ಕಂಕುಳಲ್ಲಿ ಸಿಕ್ಕಿಸಿ, ಟೊಪ್ಪಿಗೆ ಸರಿ ಮಾಡಿಕೊಂಡು, ಕೂತು, ಸ್ಟೂಲಿನ ಕಾಲು ಹಿಡಿದೆ. ಕರ್ತವ್ಯದ ಮೇಲಿರುವ ಮಾಸ್ತರ ಹೀಗೆ ಮಾಡಬಾರದೆಂದು ರೂಲಿದೆಯೋ ಎಂದು ಆಮೇಲೆ ಹುಡುಕಿ ನೋಡಿದೆ. ಇಲ್ಲ.

“ಗಟ್ಟಿ ಹಿಡೀರಿ ಬಾಬುಸಾಹೇಬ್ರ” ಎಂದ ಭೀಮಪ್ಪ ಮೇಲಿನಿಂದ. “ನಿಮ್ಮ ಕಡೀಂದ ಒಮ್ಮೆ ವಾಲೇತಿ ಅದು.”

ಸುಂದ್ರವ್ವ ಬಲಗಾಲು ಇಟ್ಟಳು. ಜಾಲಿ ಕಾಲಿನ ಮೂಲೆಯ ಮೇಲೆಯೇ ಇಟ್ಟಳು. ಅಪ್ಪನ ಕೈ ಹಿಡಿದು ಏರಿದಳು. ಸ್ಟೂಲು ಮಿಸುಕಲಿಲ್ಲ.

ಇನ್ನು ಎರಡು ನಿಮಿಷ ಇತ್ತು. ಭೀಮಪ್ಪ ಸುತ್ತಿಗೆ ತೆಗೆದು, ಬೆಣೆ ಹೊಡೆದು, ನಾಲ್ಕನೆಯ ಕಾಲನ್ನು ಬಿಚ್ಚಿದ. ಮೂರು ಕಾಲಿನ ಸ್ಟೂಲನ್ನು ಓಡುತ್ತ ಒಯ್ದು ಗಾರ್ಡನ ಡಬ್ಬಿಗೆ ಹಾಕಿ, ರಸೀದಿಗೆ ಸಹಿ ತೆಗೆದುಕೊಂಡೆ. ಹಸಿರು ನಿಶಾನೆ ತೋರಿಸಿದೆ. ಮುಂದಿನ ಡಬ್ಬಿಯಲ್ಲಿ ಮಗಳು ಹೋದಳು, ಹಿಂದಿನ ಡಬ್ಬಿಯಲ್ಲಿ ಸ್ಟೂಲು ಹೋಯಿತು. ಭೀಮಪ್ಪ ಜಾಲಿಯ ಕಾಲು ಹಿಡಿದು ಇಳಿಜಾರಿನ ಕೆಳಗೆ ನಿಂತಿದ್ದ. ಅದು ಯಾವ ದಾಖಲೆಯಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಅವನು ಮನೆಗೆ ಒಯ್ಯುವುದಕ್ಕೆ ನಾನು ಅಡ್ಡಿ ಹೇಳುವ ಹಾಗಿರಲಿಲ್ಲ.

ಹದಿನೈದು ದಿನಕ್ಕೆ ಉಗ್ರಾಣದಿಂದ ಕಾಗದ ಬಂತು. “ತಾವು ಕಳಿಸಿದ ಸ್ಟೂಲಿನ ಒಂದು ಮೂಲೆಗೆ ಕಾಲಿಲ್ಲ. ಕೂತವರು ಬೀಳುತ್ತಿದ್ದಾರೆ. ವಿವರಣೆ ಕೊಡಿ.”

ಭೀಮಪ್ಪನನ್ನು ಕರೆದು ಓದಿ ಹೇಳಿದೆ. ಅವನು ಬಹಳ ಹೊತ್ತು ನಕ್ಕ. ಆಮೇಲೆ ಕೇಳಿದ, “ಏನಂತ ಬರೀತೀರಿ?”

ಬರೆದದ್ದನ್ನು ತೋರಿಸಿದೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಅಷ್ಟು ಚಿಕ್ಕ, ಅಷ್ಟು ನಿಖರವಾದ ಉತ್ತರ ನಾನು ಮತ್ತೊಂದು ಬರೆದಿಲ್ಲ:

“ದಾಖಲೆಯ ಪ್ರಕಾರವೇ ಇದೆ.”